ಬಟ್ಟೆಗೆ ತಕ್ಕ ಗಂಟು: ಟೈ ಮತ್ತು ಸ್ಕಾರ್ಫ್ ಕಟ್ಟುವ ಬಗೆ

ಟೈ ಕಟ್ಟಲು ಕಲಿಯುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವ ಗಂಟು ಚೆನ್ನಾಗಿ ಕಾಣುತ್ತದೆ ಎಂದು. ಉತ್ತರ ಹೇಳುವ ಮುನ್ನ ನಾನು ಅವರ ಕೈಯಲ್ಲಿರುವ ಟೈಯನ್ನು ಮುಟ್ಟಿ ನೋಡುತ್ತೇನೆ, ಅವರು ತೊಟ್ಟ ಅಂಗಿಯ ಕಾಲರನ್ನು ಗಮನಿಸುತ್ತೇನೆ. ದಪ್ಪನೆಯ ಉಣ್ಣೆಯ ಟೈಗೆ ಸುತ್ತುಗಳು ಹೆಚ್ಚಾದರೆ ಗಂಟು ಉಬ್ಬಿ ಕಾಲರನ್ನೇ ಮೇಲೆತ್ತಿಬಿಡುತ್ತದೆ. ತೆಳು ರೇಷ್ಮೆಯ ಟೈಗೆ ಸುತ್ತುಗಳು ಕಡಿಮೆಯಾದರೆ ಗಂಟು ತೀರ ಚಿಕ್ಕದಾಗಿ, ಕಾಲರಿನ ಎರಡು ಮೂಲೆಗಳ ನಡುವೆ ಖಾಲಿ ಜಾಗ ಉಳಿಯುತ್ತದೆ. ಸ್ಕಾರ್ಫಿಗೂ ಇದೇ ಮಾತು ಸಲ್ಲುತ್ತದೆ. ಬಟ್ಟೆಯ ದಪ್ಪ, ಅದರ ನುಣುಪು, ಅದರ ಉದ್ದ, ಈ ಮೂರನ್ನು ನೋಡಿಕೊಂಡು ಗಂಟನ್ನು ಆರಿಸಿಕೊಳ್ಳುವವರಿಗೆ ಮೂರು ನಾಲ್ಕು ಗಂಟುಗಳು ಬಂದರೂ ಸಾಕಾಗುತ್ತದೆ.

ಟೈಯ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಕಟ್ಟುವುದೂ ಬಿಚ್ಚುವುದೂ ಅರ್ಥವಾಗುತ್ತದೆ. ಒಳ್ಳೆಯ ಟೈಯ ಬಟ್ಟೆಯನ್ನು ನೂಲಿನ ನೇರಕ್ಕೆ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ 1920ರ ದಶಕದಲ್ಲಿ ಹೀಗೆ ಓರೆಯಾಗಿ ಕತ್ತರಿಸಿದ ಮೂರು ತುಂಡುಗಳನ್ನು ಜೋಡಿಸಿ ಟೈ ಹೊಲಿಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಓರೆಯಾಗಿ ಕತ್ತರಿಸಿದ ಬಟ್ಟೆಗೆ ಹಿಗ್ಗುವ ಗುಣವಿರುವುದರಿಂದ ಅದು ಗಂಟಿನಲ್ಲಿ ಹದವಾಗಿ ಕುಳಿತುಕೊಳ್ಳುತ್ತದೆ, ಬಿಚ್ಚಿದ ಮೇಲೆ ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ. ಒಳಗೆ ಸಾಮಾನ್ಯವಾಗಿ ಉಣ್ಣೆಯ ಒಂದು ಪದರವಿರುತ್ತದೆ. ಗಂಟಿನ ತುಂಬುತನ ಬಹುಪಾಲು ಈ ಪದರದಿಂದ ಬರುವಂಥದ್ದು. ಒಂದು ಟೈ ಕೊಳ್ಳುವ ಮೊದಲು ಅದರ ಸಣ್ಣ ತುದಿಯನ್ನು ಹಿಡಿದು ಇಳಿಬಿಟ್ಟು ನೋಡಿ. ಅದು ತಿರುಚಿಕೊಂಡರೆ ಬಟ್ಟೆಯನ್ನು ಸರಿಯಾಗಿ ಕತ್ತರಿಸಿಲ್ಲವೆಂದೇ ತಿಳಿಯಿರಿ. ಅಂಥ ಟೈ ಎಷ್ಟು ಚೆನ್ನಾಗಿ ಕಟ್ಟಿದರೂ ಎದೆಯ ಮೇಲೆ ನೇರವಾಗಿ ನಿಲ್ಲುವುದಿಲ್ಲ.

ಕಟ್ಟುವ ಮೊದಲು ಅಂಗಿಯ ಮೇಲಿನ ಗುಂಡಿಯನ್ನು ಹಾಕಿ, ಕಾಲರನ್ನು ಪೂರ್ತಿ ಮೇಲೆತ್ತಿ, ಕನ್ನಡಿಯ ಮುಂದೆ ನಿಂತುಕೊಳ್ಳಿ. ಅಗಲದ ತುದಿ ನಿಮ್ಮ ಬಲಕ್ಕೂ ಸಣ್ಣ ತುದಿ ಎಡಕ್ಕೂ ಬರುವಂತೆ, ಅಗಲದ ತುದಿ ಸುಮಾರು 30 ಸೆಂಟಿಮೀಟರ್ ಕೆಳಗೆ ಇಳಿಯುವಂತೆ ಟೈಯನ್ನು ಕೊರಳಿಗೆ ಹಾಕಿಕೊಳ್ಳಿ. ಎಡಗೈ ಬಳಸುವವರು ಎಡಬಲಗಳನ್ನು ಅದಲುಬದಲು ಮಾಡಿಕೊಂಡರೆ ಸಾಕು, ಗಂಟಿಗೆ ಯಾವ ತೊಂದರೆಯೂ ಇಲ್ಲ. ಎಲ್ಲ ಗಂಟುಗಳಲ್ಲೂ ಓಡಾಡುವುದು ಅಗಲದ ತುದಿ ಮಾತ್ರ. ಸಣ್ಣ ತುದಿ ಇದ್ದಲ್ಲೇ ಇರಬೇಕು.

ಮೊದಲು ಕಲಿಯಬೇಕಾದದ್ದು ಫೋರ್ ಇನ್ ಹ್ಯಾಂಡ್ ಎಂಬ ಗಂಟು. ಅಗಲದ ತುದಿಯನ್ನು ಸಣ್ಣ ತುದಿಯ ಮೇಲಿನಿಂದ ಎಡಕ್ಕೆ ತನ್ನಿ, ಅದರ ಹಿಂದಿನಿಂದ ಬಲಕ್ಕೆ ಒಯ್ಯಿರಿ, ಮತ್ತೊಮ್ಮೆ ಮುಂದಿನಿಂದ ಎಡಕ್ಕೆ ತನ್ನಿ. ಈಗ ಕೊರಳ ಸುತ್ತಲಿನ ಕುಣಿಕೆಯೊಳಗಿನಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ತೆಗೆದು, ಮುಂದೆ ಅಡ್ಡಲಾಗಿ ಹಾದುಹೋದ ಪಟ್ಟಿಯ ಒಳಗೆ ಕೆಳಮುಖವಾಗಿ ಇಳಿಸಿ. ಒಂದು ಕೈಯಲ್ಲಿ ಗಂಟನ್ನು ಹಿಡಿದು, ಇನ್ನೊಂದು ಕೈಯಿಂದ ಸಣ್ಣ ತುದಿಯನ್ನು ಮೆಲ್ಲಗೆ ಎಳೆದರೆ ಗಂಟು ಕಾಲರಿನವರೆಗೆ ಏರುತ್ತದೆ. ಈ ಗಂಟು ಸ್ವಲ್ಪ ಒಂದು ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ. ಅದು ಅದರ ಸಹಜ ರೂಪವೇ ಹೊರತು ಕಟ್ಟಿದವರ ತಪ್ಪಲ್ಲ. ಬಹಳ ಜನ ಅದನ್ನು ನೆಟ್ಟಗೆ ಮಾಡಲು ಹೋಗಿ ಎಳೆದಾಡಿ ಟೈಯನ್ನು ಹಾಳುಮಾಡುತ್ತಾರೆ. ಉಣ್ಣೆಯ ಟೈ, ಹೆಣೆದ ಟೈ, ದಪ್ಪ ರೇಷ್ಮೆಯ ಟೈ, ಮೂಲೆಗಳು ಹತ್ತಿರವಿರುವ ಕಾಲರು, ಮೂಲೆಗಳಿಗೆ ಗುಂಡಿಯಿರುವ ಕಾಲರು, ಇವೆಲ್ಲಕ್ಕೂ ಇದಕ್ಕಿಂತ ಒಪ್ಪುವ ಗಂಟು ಬೇರೆಯಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಂಟನ್ನು ಬಿಗಿಗೊಳಿಸುವ ಕೊನೆಯ ಗಳಿಗೆಯಲ್ಲಿ ಮಾಡಬೇಕಾದ ಒಂದು ಸಣ್ಣ ಕೆಲಸವಿದೆ. ಅಗಲದ ಭಾಗವು ಗಂಟಿನಿಂದ ಹೊರಬರುವ ಕಡೆ ತೋರುಬೆರಳನ್ನು ನಡುವೆ ಒತ್ತಿ ಹಿಡಿದು, ಹೆಬ್ಬೆರಳು ಮತ್ತು ಮಧ್ಯದ ಬೆರಳಿನಿಂದ ಎರಡೂ ಅಂಚುಗಳನ್ನು ಒಳಕ್ಕೆ ಅಮುಕುತ್ತಾ ಗಂಟನ್ನು ಬಿಗಿ ಮಾಡಿದರೆ ಗಂಟಿನ ಕೆಳಗೆ ಒಂದು ಗುಳಿ ಮೂಡುತ್ತದೆ. ಈ ಗುಳಿ ಕೇವಲ ಅಲಂಕಾರಕ್ಕಲ್ಲ. ಬಟ್ಟೆ ಅಲ್ಲಿ ಮಡಿಕೆಯಾಗಿ ನಿಲ್ಲುವುದರಿಂದ ಟೈ ಎದೆಯಿಂದ ಸ್ವಲ್ಪ ಮುಂದಕ್ಕೆ ಬಾಗಿ ಜೀವಂತವಾಗಿ ಇಳಿಯುತ್ತದೆ. ಗುಳಿಯನ್ನು ಗಂಟು ಬಿಗಿಯಾದ ಮೇಲೆ ಮೂಡಿಸಲು ಸಾಧ್ಯವಿಲ್ಲ ಎಂಬುದನ್ನು ನೆನಪಿಡಬೇಕು. ಇನ್ನು ಉದ್ದದ ವಿಚಾರ. ಅಗಲದ ತುದಿಯ ಮೊನೆ ಬೆಲ್ಟಿನ ಬಕಲ್‌ಗೆ ತಾಗುವಂತಿರಬೇಕು, ಸಣ್ಣ ತುದಿ ಅದರ ಹಿಂದೆ ಮರೆಯಾಗಿರಬೇಕು. ಸಾಮಾನ್ಯ ಟೈಗಳ ಉದ್ದ 145ರಿಂದ 150 ಸೆಂಟಿಮೀಟರ್ ಇರುತ್ತದೆ. ಎತ್ತರದವರಿಗೂ ಕೊರಳು ದಪ್ಪವಿರುವವರಿಗೂ ಅದು ಸಾಲದೆ ಹೋಗಬಹುದು. ಅಂಥವರು ಉದ್ದನೆಯ ಟೈ ಕೊಳ್ಳಬೇಕು, ಇಲ್ಲವೇ ಸುತ್ತು ಕಡಿಮೆಯಿರುವ ಗಂಟನ್ನೇ ಕಟ್ಟಬೇಕು.

ಫೋರ್ ಇನ್ ಹ್ಯಾಂಡ್ ಕೈಗೆ ಹತ್ತಿದ ಮೇಲೆ ಹಾಫ್ ವಿಂಡ್ಸರ್ ಕಲಿಯುವುದು ಕಷ್ಟವಲ್ಲ. ಅಗಲದ ತುದಿಯನ್ನು ಮೇಲಿನಿಂದ ಎಡಕ್ಕೆ, ಹಿಂದಿನಿಂದ ಬಲಕ್ಕೆ ತಂದು, ಅಲ್ಲಿಂದ ಮುಂಭಾಗದಲ್ಲಿ ಮೇಲೆತ್ತಿ ಕೊರಳ ಕುಣಿಕೆಯೊಳಗೆ ಕೆಳಕ್ಕೆ ಇಳಿಸಿ ಎಡಗಡೆ ಹೊರತೆಗೆಯಬೇಕು. ಬಳಿಕ ಮುಂದಿನಿಂದ ಬಲಕ್ಕೆ ಹಾಯಿಸಿ, ಕೆಳಗಿನಿಂದ ಕುಣಿಕೆಯೊಳಗೆ ಮೇಲೆ ತಂದು, ಮುಂದಿನ ಪಟ್ಟಿಯೊಳಗೆ ಇಳಿಸಬೇಕು. ಹೀಗೆ ಕಟ್ಟಿದ ಗಂಟು ಎರಡೂ ಕಡೆ ಹೆಚ್ಚು ಕಡಿಮೆ ಸಮವಾದ ತ್ರಿಕೋನವಾಗಿ ಮೂಡುತ್ತದೆ. ತೆಳುವಿನಿಂದ ಮಧ್ಯಮ ದಪ್ಪದ ರೇಷ್ಮೆಗೆ, ಸಂದರ್ಶನಕ್ಕೋ ಸಮಾರಂಭಕ್ಕೋ ಹೋಗುವಾಗ ಇದು ಒಳ್ಳೆಯ ಆಯ್ಕೆ.

ಫುಲ್ ವಿಂಡ್ಸರ್ ಗಂಟಿನಲ್ಲಿ ಬಟ್ಟೆ ಕೊರಳ ಕುಣಿಕೆಯ ಎರಡೂ ಬದಿಗೆ ಒಂದೊಂದು ಸುತ್ತು ಹಾಕುತ್ತದೆ. ಅಗಲದ ತುದಿಯನ್ನು ಎಡಕ್ಕೆ ದಾಟಿಸಿ, ಕೆಳಗಿನಿಂದ ಕುಣಿಕೆಯೊಳಗೆ ಮೇಲೆ ತಂದು ಎಡಕ್ಕೇ ಇಳಿಬಿಟ್ಟು, ಸಣ್ಣ ತುದಿಯ ಹಿಂದಿನಿಂದ ಬಲಕ್ಕೆ ಒಯ್ದು, ಮುಂದಿನಿಂದ ಮೇಲೆತ್ತಿ ಕುಣಿಕೆಯೊಳಗೆ ಇಳಿಸಿ ಬಲಕ್ಕೇ ತೆಗೆದು, ಮುಂದೆ ಎಡಕ್ಕೆ ಹಾಯಿಸಿ, ಕೊನೆಗೆ ಎಂದಿನಂತೆ ಕುಣಿಕೆಯಿಂದ ಮೇಲೆ ತಂದು ಪಟ್ಟಿಯೊಳಗೆ ಇಳಿಸಬೇಕು. ಮೂಲೆಗಳು ದೂರ ದೂರ ಚಾಚಿದ ಕಾಲರಿಗೆ ಮತ್ತು ತೆಳುವಾದ ಟೈಗೆ ಮಾತ್ರ ಇದು ಹೊಂದುತ್ತದೆ. ಸಿಂಹಾಸನ ತ್ಯಜಿಸಿದ ಬ್ರಿಟನ್ನಿನ ದೊರೆ ಎಂಟನೆಯ ಎಡ್ವರ್ಡ್, ಅಂದರೆ ವಿಂಡ್ಸರಿನ ಡ್ಯೂಕ್ ಅವರ ಹೆಸರು ಈ ಗಂಟಿಗೆ ಅಂಟಿಕೊಂಡಿದ್ದರೂ ಅವರು ಸ್ವತಃ ಇದನ್ನು ಕಟ್ಟುತ್ತಿರಲಿಲ್ಲ; ದಪ್ಪ ಒಳಪದರವಿರುವ ಟೈಗಳನ್ನು ಹೊಲಿಸಿಕೊಂಡು ಫೋರ್ ಇನ್ ಹ್ಯಾಂಡ್ ಗಂಟನ್ನೇ ಹಾಕಿಕೊಳ್ಳುತ್ತಿದ್ದರು. ಗಂಟಿನ ದಪ್ಪವನ್ನು ಬಟ್ಟೆಯೇ ಕೊಡಬಲ್ಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ಟೈ ಗಿಡ್ಡವಾಯಿತೆಂದು ಕೊರಗುವವರಿಗೆ ಪ್ರಾಟ್ ಗಂಟು ನೆರವಾಗುತ್ತದೆ. ಇದಕ್ಕೆ ಟೈಯನ್ನು ಒಳಮೈ ಹೊರಗೆ ಕಾಣುವಂತೆ ಕೊರಳಿಗೆ ಹಾಕಿಕೊಂಡು, ಅಗಲದ ತುದಿಯನ್ನು ಸಣ್ಣ ತುದಿಯ ಕೆಳಗಿನಿಂದ ಎಡಕ್ಕೆ ತಂದು, ಮೇಲೆತ್ತಿ ಕುಣಿಕೆಯೊಳಗೆ ಇಳಿಸಿ ಎಡಕ್ಕೆ ತೆಗೆದು, ಮುಂದಿನಿಂದ ಬಲಕ್ಕೆ ಹಾಯಿಸಿ ಎಂದಿನಂತೆ ಮುಗಿಸಬೇಕು. ಸುತ್ತು ಕಡಿಮೆಯಾದರೂ ಗಂಟು ನೆಟ್ಟಗಿರುತ್ತದೆ. ಗಂಟುಗಳ ಬಗೆಗೆ ಕುತೂಹಲವಿರುವವರಿಗೆ ಹೇಳುವುದಾದರೆ, ಕೇಂಬ್ರಿಜ್‌ನ ಥಾಮಸ್ ಫಿಂಕ್ ಮತ್ತು ಯಾಂಗ್ ಮಾವೊ ಎಂಬ ಭೌತವಿಜ್ಞಾನಿಗಳು 1999ರಲ್ಲಿ ಟೈ ಕಟ್ಟಲು 85 ಕ್ರಮಗಳಿವೆ ಎಂದು ಗಣಿತದ ಮೂಲಕ ತೋರಿಸಿದರು. ಮುಂದೆ ಬೇರೆ ಗಣಿತಜ್ಞರು ನಿಯಮಗಳನ್ನು ಸಡಿಲಿಸಿ ಆ ಸಂಖ್ಯೆಯನ್ನು ಎರಡು ಲಕ್ಷದಾಚೆಗೆ ಒಯ್ದರು. ನಿತ್ಯ ಉಡುವವರಿಗೆ ಅಷ್ಟೊಂದರ ಅಗತ್ಯವಿಲ್ಲ. ಬೋ ಟೈ ಕಟ್ಟಲು ಹೆದರುವವರಿಗೂ ಒಂದು ಮಾತು: ಅದರ ಗಂಟು ಶೂ ಲೇಸಿನ ಗಂಟೇ. ಮೊದಲು ತೊಡೆಯ ಸುತ್ತ ಕಟ್ಟಿ ಅಭ್ಯಾಸ ಮಾಡಿಕೊಂಡರೆ ಕೊರಳಿನಲ್ಲಿಯೂ ಬರುತ್ತದೆ.

ಬಿಗಿ ಎಷ್ಟಿರಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಅದು ಮುಖ್ಯ. ಕಾಲರು ಮತ್ತು ಕೊರಳಿನ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬಿಗಿಯಾದ ಟೈ ಕಣ್ಣಿನೊಳಗಿನ ಒತ್ತಡವನ್ನು ಹೆಚ್ಚಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. 2018ರಲ್ಲಿ ಜರ್ಮನಿಯ ಸಂಶೋಧಕರು ವಿಂಡ್ಸರ್ ಗಂಟನ್ನು ತುಸು ಕಿರಿಕಿರಿಯಾಗುವಷ್ಟು ಬಿಗಿಸಿದಾಗ ಮಿದುಳಿಗೆ ಹರಿಯುವ ರಕ್ತ ಸರಾಸರಿ 7.5 ಶೇಕಡಾ ಕಡಿಮೆಯಾದದ್ದನ್ನು ಅಳೆದರು. ಗ್ಲಾಕೋಮಾ ಎಂಬ, ಕಣ್ಣಿನೊಳಗಿನ ಒತ್ತಡಕ್ಕೆ ಸಂಬಂಧಿಸಿದ ಕಾಯಿಲೆ ಇರುವವರಂತೂ ಸಡಿಲವಾಗಿಯೇ ಕಟ್ಟಿಕೊಳ್ಳುವುದು ಒಳಿತು. ಕಾಲರು ಬಿಗಿಯೆನಿಸಿದರೆ ಗಂಟನ್ನು ದೂಷಿಸದೆ ಅಂಗಿಯ ಅಳತೆಯನ್ನು ಬದಲಿಸಿ.

ಟೈ ಎಂಬುದು ಸ್ಕಾರ್ಫಿನ ವಂಶದ ಉಡುಪೇ. 17ನೆಯ ಶತಮಾನದಲ್ಲಿ, ಯೂರೋಪಿನ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ, ಫ್ರಾನ್ಸಿನ ಪರವಾಗಿ ಹೋರಾಡಿದ ಕ್ರೊಯೇಷಿಯಾದ ಸೈನಿಕರು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ವಸ್ತ್ರದಿಂದಲೇ ಕ್ರಾವಟ್ ಎಂಬ ಕೊರಳಪಟ್ಟಿ ಬಂತು, ಅದರಿಂದ ಇಂದಿನ ಟೈ ಬಂತು. ಹೀಗಾಗಿ ಟೈಗೆ ಕಲಿತ ಕೈ ಸ್ಕಾರ್ಫಿಗೂ ಒಗ್ಗುತ್ತದೆ. ವ್ಯತ್ಯಾಸವೆಂದರೆ ಸ್ಕಾರ್ಫನ್ನು ಕಟ್ಟುವ ಮೊದಲು ಮಡಿಸಬೇಕು, ಮತ್ತು ಆ ಮಡಿಕೆಯಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. 90 ಸೆಂಟಿಮೀಟರ್ ಚೌಕದ ರೇಷ್ಮೆ ಸ್ಕಾರ್ಫನ್ನು ಮೇಜಿನ ಮೇಲೆ ಹರಡಿ, ಎದುರುಬದುರಾದ ಎರಡು ಮೂಲೆಗಳನ್ನು ನಡುವಿಗೆ ತಂದು, ಆ ಎರಡೂ ಕಡೆಗಳಿಂದ ನಡುವಿನತ್ತ ಮತ್ತೆ ಮತ್ತೆ ಮಡಿಸುತ್ತಾ ಹೋದರೆ ನಾಲ್ಕೈದು ಬೆರಳಗಲದ ಉದ್ದ ಪಟ್ಟಿಯಾಗುತ್ತದೆ. ಹೀಗೆ ಮೂಲೆಯಿಂದ ಮೂಲೆಗೆ ಮಡಿಸುವುದರಿಂದ ಪಟ್ಟಿ ಓರೆ ನೂಲಿನಲ್ಲಿ ಬಂದು ಟೈಯಂತೆಯೇ ಮೆತ್ತಗೆ ಬಾಗುತ್ತದೆ, ಉದ್ದವೂ ಹೆಚ್ಚು ಸಿಗುತ್ತದೆ. ಅಂಚಿಗೆ ಸಮನಾಗಿ ಮಡಿಸಿದರೆ ಈ ಎರಡೂ ಗುಣ ತಪ್ಪುತ್ತವೆ.

ಈ ಪಟ್ಟಿಯನ್ನು ಕೊರಳಿಗೆ ಕಟ್ಟಲು ರೀಫ್ ಗಂಟನ್ನು ತಪ್ಪದೆ ಕಲಿಯಿರಿ. ಮೊದಲು ಬಲದ ತುದಿಯನ್ನು ಎಡದ ತುದಿಯ ಮೇಲೆ ಹಾಯಿಸಿ ಕೆಳಗಿನಿಂದ ತೆಗೆಯಿರಿ. ಎರಡನೆಯ ಬಾರಿ ಎಡದಲ್ಲಿರುವ ತುದಿಯನ್ನು ಬಲದಲ್ಲಿರುವುದರ ಮೇಲೆ ಹಾಯಿಸಿ ಕೆಳಗಿನಿಂದ ತೆಗೆಯಿರಿ. ಎರಡೂ ಸಲ ಒಂದೇ ಕಡೆಯಿಂದ ಹಾಯಿಸಿದರೆ ಗಂಟು ಹೊರಳಿಕೊಂಡು ತುದಿಗಳು ಮೇಲೆ ಕೆಳಗೆ ಅಡ್ಡವಾಗಿ ನಿಲ್ಲುತ್ತವೆ, ರೇಷ್ಮೆಯಲ್ಲಂತೂ ಬೇಗ ಜಾರಿಬಿಡುತ್ತದೆ. ಸರಿಯಾಗಿ ಕಟ್ಟಿದ ರೀಫ್ ಗಂಟು ಚಪ್ಪಟೆಯಾಗಿ ಮಲಗಿರುತ್ತದೆ, ತುದಿಗಳು ಎಡಬಲಕ್ಕೆ ಸಮನಾಗಿ ಚಾಚಿರುತ್ತವೆ. ಗಂಟನ್ನು ಮುಂದೆ ಇಟ್ಟುಕೊಳ್ಳಬಹುದು, ಹೆಗಲಿನ ಕಡೆಗೆ ಸರಿಸಿಕೊಳ್ಳಬಹುದು, ಪಟ್ಟಿಯನ್ನು ಎರಡು ಸುತ್ತು ಹಾಕಿ ತುದಿಗಳನ್ನು ಒಳಗೆ ಸೇರಿಸಿಯೂ ಬಿಡಬಹುದು. ಅದೇ ಚೌಕವನ್ನು ತ್ರಿಕೋನವಾಗಿ ಮಡಿಸಿ, ಮೊನೆ ಎದೆಯ ಮೇಲೆ ಬರುವಂತಿಟ್ಟು, ತುದಿಗಳನ್ನು ಕತ್ತಿನ ಹಿಂದೆ ದಾಟಿಸಿ ಮುಂದೆ ತಂದು ತ್ರಿಕೋನದ ಅಡಿಯಲ್ಲಿ ಕಟ್ಟಿದರೆ, ಅಂಗಿಯ ತೆರೆದ ಕೊರಳು ಬಹಳ ಅಂದವಾಗಿ ತುಂಬುತ್ತದೆ.

ಉಣ್ಣೆಯ ಉದ್ದ ಸ್ಕಾರ್ಫಿನ ಉದ್ದೇಶವೇ ಬೇರೆ. ಅದು ಚಳಿಯನ್ನು ತಡೆಯಬೇಕು, ಆದ್ದರಿಂದ ಪದರಗಳ ನಡುವೆ ಗಾಳಿ ನಿಲ್ಲುವಂತೆ ಸಡಿಲವಾಗಿ ಸುತ್ತಬೇಕು. ಉದ್ದಕ್ಕೆ ಎರಡಾಗಿ ಮಡಿಸಿ ಕೊರಳಿಗೆ ಹಾಕಿಕೊಂಡು, ಎರಡೂ ತುದಿಗಳನ್ನು ಮಡಿಕೆಯ ಕುಣಿಕೆಯೊಳಗೆ ತೂರಿಸಿ ಎಳೆದುಕೊಳ್ಳುವುದು ಎಲ್ಲಕ್ಕಿಂತ ಸುಲಭ ಮತ್ತು ಬೆಚ್ಚಗಿನ ಕ್ರಮ. ಇದಕ್ಕೆ ಸುಮಾರು 180 ಸೆಂಟಿಮೀಟರ್ ಉದ್ದ ಬೇಕು. ಒಂದು ತುದಿಯನ್ನು ಕುಣಿಕೆಯ ಮೇಲಿನಿಂದಲೂ ಇನ್ನೊಂದನ್ನು ಕೆಳಗಿನಿಂದಲೂ ತೂರಿಸಿದರೆ ಹೆಣಿಗೆಯಂತಹ ಗಂಟು ಬರುತ್ತದೆ, ಆದರೆ ತೀರ ದಪ್ಪ ಉಣ್ಣೆಗೆ ಅದು ಒಗ್ಗದು. ಗಿಡ್ಡ ಸ್ಕಾರ್ಫಾದರೆ ಕೊರಳಿಗೆ ಒಂದು ಸುತ್ತು ಹಾಕಿ ತುದಿಗಳನ್ನು ಕೋಟಿನೊಳಗೆ ಇಳಿಬಿಟ್ಟರೆ ಸಾಕು.

ಕೊರಳಿನಿಂದ ಜೋಲುವ ಯಾವ ಬಟ್ಟೆಯೂ ತಿರುಗುವ ಯಂತ್ರದ ಬಳಿ ಅಪಾಯಕಾರಿ. ನರ್ತಕಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್‌ನಲ್ಲಿ ತೀರಿಕೊಂಡದ್ದು, ಅವರ ಉದ್ದನೆಯ ಸ್ಕಾರ್ಫ್ ಕಾರಿನ ಚಕ್ರಕ್ಕೆ ಸಿಕ್ಕಿಕೊಂಡಿದ್ದರಿಂದ. ದ್ವಿಚಕ್ರ ವಾಹನ ಏರುವ ಮೊದಲು ತುದಿಗಳನ್ನು ಉಡುಪಿನೊಳಗೆ ಭದ್ರವಾಗಿ ಸೇರಿಸಿ. ಲೇತು, ಡ್ರಿಲ್ಲು, ಮಿಕ್ಸರಿನಂಥ ಯಂತ್ರಗಳ ಬಳಿ ಟೈಯನ್ನಾಗಲಿ ಸ್ಕಾರ್ಫನ್ನಾಗಲಿ ತೆಗೆದಿಟ್ಟೇ ಕೆಲಸ ಮಾಡಿ. ಆಟವಾಡುವ ಚಿಕ್ಕ ಮಕ್ಕಳಿಗೆ ಗಂಟು ಹಾಕಿದ ಸ್ಕಾರ್ಫ್ ಬೇಡವೇ ಬೇಡ. ಅವರ ಶಾಲೆಯ ಟೈ ಕೂಡ ಎಳೆದರೆ ಕಳಚಿಕೊಳ್ಳುವ ಕ್ಲಿಪ್ಪಿನದಾಗಿರಲಿ.

ಕೊನೆಯದಾಗಿ ಬಿಚ್ಚುವ ಮತ್ತು ಕಾಪಾಡುವ ವಿಚಾರ. ಸಣ್ಣ ತುದಿಯನ್ನು ಹಿಡಿದು ಗಂಟಿನಿಂದ ಜಗ್ಗಿ ಎಳೆಯುವ ಅಭ್ಯಾಸ ಟೈಯ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಕಟ್ಟಿದ ಹೆಜ್ಜೆಗಳನ್ನೇ ಹಿಂದುಮುಂದಾಗಿ ನಡೆಸಿ ಬಿಚ್ಚಬೇಕು. ಗಂಟನ್ನು ಹಾಗೆಯೇ ಉಳಿಸಿ ತಲೆಯ ಮೇಲಿಂದ ತೆಗೆದಿಟ್ಟು ಮರುದಿನ ಹಾಕಿಕೊಳ್ಳುವುದೂ ಬಟ್ಟೆಗೆ ಕೆಡುಕು, ಏಕೆಂದರೆ ಸುಕ್ಕು ಅಲ್ಲೇ ನೆಲೆಯೂರುತ್ತದೆ. ಬಿಚ್ಚಿದ ಮೇಲೆ ನೇತುಹಾಕಿ ಒಂದು ದಿನ ಬಿಟ್ಟರೆ ಸುಕ್ಕುಗಳು ಬಹುತೇಕ ತಾವಾಗಿಯೇ ಹೋಗುತ್ತವೆ. ಹೆಣೆದ ಟೈಯನ್ನು ಮಾತ್ರ ನೇತುಹಾಕದೆ ಸುರುಳಿ ಸುತ್ತಿಡಿ, ಇಲ್ಲವಾದರೆ ತನ್ನ ಭಾರಕ್ಕೇ ಅದು ಜಗ್ಗುತ್ತದೆ. ರೇಷ್ಮೆ ಟೈಯನ್ನು ನೀರಿಗೆ ಹಾಕಬೇಡಿ. ಒಳಪದರ ಮತ್ತು ಮೇಲ್ಬಟ್ಟೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಟೈ ಮುರುಟಿಕೊಳ್ಳುತ್ತದೆ. ಏನಾದರೂ ಚೆಲ್ಲಿದರೆ ಉಜ್ಜದೆ ಬಿಳಿ ಬಟ್ಟೆಯಿಂದ ಒತ್ತಿ ಹೀರಿಸಿ. ಸುಗಂಧದ್ರವ್ಯವನ್ನು ಮೊದಲೇ ಹಚ್ಚಿಕೊಂಡು, ಅದು ಆರಿದ ಮೇಲೆ ರೇಷ್ಮೆಯನ್ನು ಕಟ್ಟಿಕೊಳ್ಳಿ. ಇಸ್ತ್ರಿಯನ್ನು ನೇರವಾಗಿ ಇಡದೆ ಮೇಲೊಂದು ಹತ್ತಿ ಬಟ್ಟೆ ಹಾಸಿ ಹಬೆಯನ್ನಷ್ಟೇ ತಾಗಿಸಿ. ಸ್ಕಾರ್ಫಿನ ಸುರುಳಿ ಅಂಚನ್ನು ಚಪ್ಪಟೆ ಮಾಡಬೇಡಿ. ಟೈಯ ಹಿಂಬದಿಯಲ್ಲಿ, ಅಗಲದ ತುದಿಯ ಒಳಗೆ, ಒಂದು ಸಣ್ಣ ದಾರದ ಕುಣಿಕೆ ಸಡಿಲವಾಗಿ ಇಣುಕುತ್ತಿದ್ದರೆ ಅದನ್ನು ಹೊಲಿಗೆ ಬಿಚ್ಚಿದ್ದೆಂದು ಭಾವಿಸಿ ಕತ್ತರಿಸಬೇಡಿ. ಇಡೀ ಟೈಯನ್ನು ಹಿಡಿದಿಟ್ಟಿರುವ ಹೊಲಿಗೆಯ ದಾರವೇ ಅದು. ಟೈ ಎಳೆದಾಗ ಹಿಗ್ಗಿ ಮತ್ತೆ ಮರಳಲೆಂದು ಅದನ್ನು ಉದ್ದೇಶಪೂರ್ವಕವಾಗಿ ಸಡಿಲ ಬಿಟ್ಟಿರುತ್ತಾರೆ.