65 ಕಳಿಸಿದರೆ 130 ಯಾಕೆ ಬರುತ್ತದೆ? ಎರಡು ಆರ್ಡುಯಿನೊ ನಡುವೆ ಸಿಂಕ್ರೊನಸ್ ಡೇಟಾ ಕಳಿಸುವ ಬಗೆ

ದಾವಣಗೆರೆಯ ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ಸಲ್ಲಿಸುವ ಹೊತ್ತಿಗೆ ಹೇಳುವ ದೂರು ಒಂದೇ: ‘ಸರ್, 65 ಕಳಿಸಿದ್ರೆ 130 ಬರ್ತೈತಿ.’ ಆರ್ಡುಯಿನೊ (ಪ್ರೋಗ್ರಾಂ ತುಂಬಿ ಓಡಿಸುವ ಪುಟ್ಟ ಬೋರ್ಡ್) ಸುಟ್ಟಿದೆ ಎಂದು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಹೊಸದು ತರಿಸುತ್ತಾರೆ. ಅದರಲ್ಲೂ 130 ಬರುತ್ತದೆ.

ಮಾಮೂಲಿ ಸೀರಿಯಲ್ ಪೋರ್ಟಿನಲ್ಲಿ ಪ್ರತಿ ಬೈಟಿನ ಮುಂದೆ ಸ್ಟಾರ್ಟ್ ಬಿಟ್, ಹಿಂದೆ ಸ್ಟಾಪ್ ಬಿಟ್ ಇರುತ್ತದೆ. 8 ಬಿಟ್ ಸಾಗಿಸಲು 10 ಬಿಟ್ ಖರ್ಚು. ಸಿಂಕ್ರೊನಸ್‌ನಲ್ಲಿ ಅವೆರಡೂ ಇಲ್ಲ, ಬದಲಿಗೆ ಪ್ರತಿ ಬಿಟ್ಟಿಗೂ ತಾಳ ಹಾಕುವ ಬೇರೆಯೇ ಒಂದು ಕ್ಲಾಕ್ ವೈರ್.

ಹಂತ 1: ಮೂರು ವೈರ್ ಸಾಕು. ಡೇಟಾ, ಕ್ಲಾಕ್, ಗ್ರೌಂಡ್. ಎರಡೂ ಬೋರ್ಡಿನ ಗ್ರೌಂಡ್ ಸೇರಿಸದೆ ಮುಂದೆ ಹೋಗಬೇಡಿ. ಪಡೆಯುವ ಆರ್ಡುಯಿನೊ ಊನೊ ಬೋರ್ಡಿನಲ್ಲಿ ಕ್ಲಾಕ್ 2ನೇ ಪಿನ್ನಿಗೆ ಬರಲಿ, ಇಂಟರಪ್ಟ್ (ಪಿನ್ ಬದಲಾದ ಕೂಡಲೇ ಉಳಿದ ಕೆಲಸ ನಿಲ್ಲಿಸಿ ಓಡುವ ಕೋಡ್) ಸಿಗುವುದು ಅಲ್ಲಿ. ಅಗ್ಗದ ಜಂಪರ್ ವೈರ್ ಕಟ್ಟು ಕೊಳ್ಳಬೇಡಿ; ತುದಿಯ ಕ್ರಿಂಪ್ ಸಡಿಲ, ಮುಟ್ಟಿದರೆ ಒಂದು ಬಿಟ್ ಹೋಯಿತು.

ಹಂತ 2: ಕಳಿಸುವ ಕಡೆ ಮೊದಲು ಡೇಟಾ ಪಿನ್ ಇಡಿ, ಆಮೇಲೆ ಕ್ಲಾಕ್ ಏರಿಸಿ. ಉಲ್ಟಾ ಮಾಡಿದರೆ ಹಳೆಯ ಬಿಟ್ಟನ್ನೇ ಓದುತ್ತದೆ. ಏರಿಸಿ 500 ಮೈಕ್ರೊಸೆಕೆಂಡ್, ಇಳಿಸಿ 500 ಕಾಯಿರಿ.

ಹಂತ 3: ಪಡೆಯುವ ಕಡೆ ಕ್ಲಾಕ್ ಏರಿದಾಗ ಇಂಟರಪ್ಟ್‌ನಲ್ಲಿ ಬಿಟ್ ಓದಿ ಇಟ್ಟುಕೊಳ್ಳಿ, ಅಷ್ಟೇ. ಸೀರಿಯಲ್ ಪ್ರಿಂಟ್ ಅದರೊಳಗೆ ತುರುಕುವವರಿದ್ದಾರೆ. ಪ್ರಿಂಟ್ ಲೂಪ್‌ನಲ್ಲಿರಲಿ.

ಹಂತ 4: ಎಲ್ಲರೂ ಎಡವುವುದು ಇಲ್ಲಿ. ಬಿಟ್ ಯಾವಾಗ ಓದಬೇಕು ಎಂದಷ್ಟೇ ಕ್ಲಾಕ್ ಹೇಳುತ್ತದೆ; ಬೈಟ್ ಎಲ್ಲಿಂದ ಶುರು ಎಂದು ಹೇಳುವುದಿಲ್ಲ. 65 ಎಂದರೆ 01000001. ಕಳಿಸುವ ಬೋರ್ಡ್ ಮೊದಲೇ ಆನ್ ಆಗಿ, ಪಡೆಯುವ ಬೋರ್ಡ್ ಮೊದಲ ಸೊನ್ನೆ ತಪ್ಪಿಸಿಕೊಂಡಿತು ಅನ್ನಿ. ಉಳಿದ 1000001ಕ್ಕೆ ಮುಂದಿನ ಬೈಟಿನ ಸೊನ್ನೆ ಅಂಟಿಕೊಂಡು 10000010, ಅಂದರೆ 130. ಕೋಲಾಟದಲ್ಲಿ ಒಂದು ಏಟು ತಪ್ಪಿದವನು ತಾಳ ಬಿಡದೆಯೇ ಕೊನೆತನಕ ಪಕ್ಕದವನ ಕೋಲಿಗೆ ಹೊಡೆದ ಹಾಗೆ.

ಮದ್ದು ಹಳೆಯದೇ, ಸಿಂಕ್ರೊನಸ್ ಡೇಟಾ ಸಾಗಿಸುವ ಪ್ರೊಟೊಕಾಲ್ ಆದ ಎಚ್‌ಡಿಎಲ್‌ಸಿ ಮಾಡುವುದೂ ಇದನ್ನೇ: ಡೇಟಾಗೆ ಮುಂಚೆ 01111110 ಎಂಬ ಫ್ಲ್ಯಾಗ್ (ಶುರುವಿನ ಗುರುತು) ಕಳಿಸಿ. ಪಡೆಯುವ ಕಡೆ ಪ್ರತಿ ಬಿಟ್ ಬಂದಾಗಲೂ ಕೊನೆಯ 8 ಬಿಟ್ ನೋಡುತ್ತಿರಲಿ. ಫ್ಲ್ಯಾಗ್ ಕಂಡೊಡನೆ ಎಣಿಕೆ ಸೊನ್ನೆಯಿಂದ. ಆದರೆ ಡೇಟಾದಲ್ಲೇ 126 ಬಂದರೆ? ಅದೂ 01111110ಯೇ. ಅದಕ್ಕೆ ಬಿಟ್ ಸ್ಟಫಿಂಗ್. ಡೇಟಾದಲ್ಲಿ ಸತತ ಐದು 1 ಹೋದರೆ, ಮುಂದೆ ಏನೇ ಇರಲಿ, ಒಂದು ಸೊನ್ನೆ ಸೇರಿಸಿ. ಪಡೆಯುವವನು ಐದು 1ರ ನಂತರದ ಸೊನ್ನೆಯನ್ನು ಎಸೆಯಬೇಕು. ಆರನೆಯದೂ 1 ಆಗಿ ಆಮೇಲೆ ಸೊನ್ನೆ ಬಂದರೆ ಅದು ಫ್ಲ್ಯಾಗ್. ಐದರ ಲೆಕ್ಕ ಬೈಟಿನ ಗಡಿಯಲ್ಲಿ ಮುರಿಯಬಾರದು: ಒಂದು ಬೈಟಿನ ಕೊನೆಗೆ ಮೂರು 1, ಮುಂದಿನದರ ಮೊದಲಿಗೆ ಎರಡು ಇದ್ದರೂ ಐದೇ. ಫ್ಲ್ಯಾಗ್ ಕಳಿಸುವಾಗ ಮಾತ್ರ ಸ್ಟಫಿಂಗ್ ಬೇಡ. ಒಂದೇ ಫಂಕ್ಷನ್‌ನಲ್ಲಿ ಎರಡನ್ನೂ ಕಳಿಸಿ ಫ್ಲ್ಯಾಗನ್ನೇ ಕೆಡಿಸಿಕೊಳ್ಳುವವರು ಬಹಳ.

ಪ್ರತಿ ಬೈಟಿಗೂ ಒಂದು ಸೆಕೆಂಡ್ ಡಿಲೇ ಹಾಕಿ, ಆ ಬಿಡುವು ಕಂಡಾಗಲೆಲ್ಲ ಎಣಿಕೆ ಸೊನ್ನೆ ಮಾಡಿ ಪಾರಾಗುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಅಷ್ಟು ನಿಧಾನಕ್ಕೆ ಕಳಿಸುವುದಾದರೆ ಕ್ಲಾಕ್ ವೈರ್ ಯಾಕೆ ಬೇಕಿತ್ತು? ಇನ್ನೊಂದು ವೈರ್ ಎಳೆಯಲು ಅಡ್ಡಿಯಿಲ್ಲದಿದ್ದರೆ ಬೋರ್ಡಿನಲ್ಲೇ ಇರುವ ಸಿಂಕ್ರೊನಸ್ ಪೋರ್ಟ್ ಎಸ್‌ಪಿಐ ಬಳಸಿ, ಅಲ್ಲಿ ಸ್ಲೇವ್ ಸೆಲೆಕ್ಟ್ ವೈರೇ ಶುರು-ಕೊನೆ ತೋರಿಸುತ್ತದೆ.

ಹಂತ 5: 126, 255, 65 ಕಳಿಸಿ ನೋಡಿ. ಮೂರೂ ಸರಿ ಬಂದರೆ ಹಂತ 2ರ 500 ಮೈಕ್ರೊಸೆಕೆಂಡನ್ನು ಇಳಿಸುತ್ತಾ ಹೋಗಿ. ತಪ್ಪು ಶುರುವಾದ ಅಂಕಿಯ ಎರಡು ಪಟ್ಟಿಗೆ ಹಿಂದೆ ಬಂದು ಅಲ್ಲೇ ಬಿಡಿ.