ಎಣ್ಣೆ ತಲೆಗೆ ಕರೆಂಟ್ ಹೋಗಲ್ಲ

ತಲೆಗೆ ಸಣ್ಣ ಕರೆಂಟ್ ಹಾಯಿಸುವ ಮೆಷಿನ್ ಮೊದಲ ದಿನ ಶುರುವೇ ಆಗಲಿಲ್ಲ. ತುಮಕೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಗುಬ್ಬಿ ಕಡೆಯಿಂದ ಬಂದಿದ್ದ ಆ ಅಕ್ಕ ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿ, ಕನಕಾಂಬರ ಮುಡಿದಿದ್ದರು. ಸ್ಪಾಂಜು ಇಟ್ಟು ಪಟ್ಟಿ ಕಟ್ಟಿದರೆ ರೆಸಿಸ್ಟೆನ್ಸ್ ಜಾಸ್ತಿ ಎಂದು ಕೆಂಪು ದೀಪ. ಸಲೈನ್ (ಉಪ್ಪುನೀರು) ಇನ್ನಷ್ಟು ಹಾಕಿದೆ, ಪಟ್ಟಿ ಇನ್ನಷ್ಟು ಬಿಗಿದೆ. ದೀಪ ಕೆಂಪಾಗೇ ಇತ್ತು. ಎಣ್ಣೆ ಕರೆಂಟನ್ನು ತಡೆಯುತ್ತದೆಂದು ನನಗೆ ಗೊತ್ತಿತ್ತು. ಹಿಂದಿನ ದಿನವೇ ಫೋನಿನಲ್ಲಿ ಹೇಳಬೇಕಿತ್ತು, ಹೇಳಿರಲಿಲ್ಲ. "ಎಣ್ಣೆ ಇಲ್ದೆ ತಲೆ ಕೆದರ್ಕೊಂಡು ಬಸ್ ಹತ್ತಾದ ಮೇಡಂ?" ಅಂತ ಅವರು ಸಂಕೋಚಪಟ್ಟರು.

ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ. ಅವರನ್ನು ಹೆಚ್ಚು ಕಾಡಿದ್ದು ಸುಸ್ತು. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು ಅದು; ಮನೆಯವರಿಗೆ ಸೋಮಾರಿತನದಂತೆ ಕಾಣುತ್ತದೆ, ಅದೇ ನನಗೆ ಬಹಳ ನೋವು ಕೊಡುವ ವಿಷಯ. ಒಲೆ ಮುಂದೆ ಹಿಟ್ಟು ತಿರುವುತ್ತಾ ಅರ್ಧಕ್ಕೇ ಕೋಲು ಬಿಟ್ಟು ನೆಲಕ್ಕೆ ಕೂರುತ್ತಿದ್ದರಂತೆ. ನರರೋಗ ತಜ್ಞರು ಮಾತ್ರೆ ಮುಂದುವರಿಸಿ, ಜೊತೆಗೆ ಟಿ.ಡಿ.ಸಿ.ಎಸ್. (ತಲೆಯ ಮೇಲಿಂದ ಮೆದುಳಿಗೆ ಸಣ್ಣ ಕರೆಂಟ್ ಹಾಯಿಸುವ ಚಿಕಿತ್ಸೆ) ಮಾಡಿ ನೋಡೋಣ ಎಂದು ನನ್ನ ಹತ್ತಿರ ಕಳಿಸಿದ್ದರು.

ಅಕ್ಕನ ಯಜಮಾನರಿಗೆ ಇದು "ಶಾಕ್ ಟ್ರೀಟ್‌ಮೆಂಟ್" ಎಂಬ ಭಯ. ಶಾಕ್ ಚಿಕಿತ್ಸೆಯಲ್ಲಿ ಅರಿವಳಿಕೆ ಕೊಟ್ಟು ಸುಮಾರು 800 ಮಿಲಿಆಂಪಿಯರ್ ಹರಿಸುತ್ತಾರೆ, ಇಲ್ಲಿ 2 ಎಂದು ಎಷ್ಟು ಹೇಳಿದರೂ ಮುಖ ಸಡಿಲವಾಗಲಿಲ್ಲ. ಕೊನೆಗೆ ಅವರ ತೋಳಿಗೇ ಸ್ಪಾಂಜು ಕಟ್ಟಿದೆ. "ಇರುವೆ ಹರಿದಂಗೈತೆ, ಅಷ್ಟೇನಾ?" ಅಂದರು.

ಮೂರನೇ ದಿನ ನನ್ನ ಇನ್ನೊಂದು ತಪ್ಪು ಹೊರಬಿತ್ತು. ತಲೆ ತೊಳೆದುಕೊಂಡು ಬನ್ನಿ ಅಂದಿದ್ದೆ. ಅವರು ದಿನಾ ಹಂಡೆಯ ಸುಡುನೀರಿನಲ್ಲಿ ಸೀಗೆಕಾಯಿ ಹಾಕಿ ತಲೆಗೆ ಹುಯ್ದುಕೊಂಡು, ಏಪ್ರಿಲ್ ಬಿಸಿಲಲ್ಲಿ ಹನ್ನೊಂದರ ಬಸ್ಸಿಗೆ ಬರುತ್ತಿದ್ದರು. ಆಟೋದಿಂದ ಇಳಿಯುವಾಗ ಕಾಲು ಸೋತು ಬಾಗಿಲಿಗೆ ಜೋತುಬಿದ್ದರು. ಮೈಬಿಸಿ ಸ್ವಲ್ಪ ಏರಿದರೂ ಹೊದಿಕೆ ಕಳೆದುಕೊಂಡ ನರಗಳಲ್ಲಿ ಸಂದೇಶ ತಡವರಿಸುತ್ತದೆ. ಉಥಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲೇ ಇದನ್ನು ಗುರುತಿಸಿದ್ದರು. ನೆರಳಲ್ಲಿ ಕೂರಿಸಿ ತಣ್ಣೀರು ಬಟ್ಟೆ ಹಾಕಿದ ಮೇಲೆ ಕಾಲು ಹಿಡಿತಕ್ಕೆ ಬಂತು. ಅಂದಿನಿಂದ ಭಾನುವಾರ ಉಗುರುಬೆಚ್ಚಗಿನ ನೀರಲ್ಲಿ ಒಂದೇ ತಲೆಸ್ನಾನ, ಶುಕ್ರವಾರದವರೆಗೆ ಎಣ್ಣೆ ಇಲ್ಲ, ಬೆಳಿಗ್ಗೆ ಮೊದಲ ಬಸ್ಸು. ನಾನೂ ಏಳೂವರೆಗೇ ಬಾಗಿಲು ತೆಗೆದೆ.

ಹಣೆಯಿಂದ ಹಿಂದಲೆಗೆ, ಕಿವಿಯಿಂದ ಕಿವಿಗೆ, ಮತ್ತೆ ತಲೆಯ ಸುತ್ತ ಟೇಪ್ ಹಿಡಿದು ಅಳೆದು ಎಡ ಮುಂಭಾಗದ ಜಾಗ ಗುರುತು ಮಾಡುತ್ತೇನೆ. ಪಾಸಿಟಿವ್ ಸ್ಪಾಂಜು ಅಲ್ಲಿ, ನೆಗೆಟಿವ್ ಬಲ ಹುಬ್ಬಿನ ಮೇಲೆ. ಬೈತಲೆ ತೆಗೆದು ಕೂದಲು ಸರಿಸಿ, ಚರ್ಮಕ್ಕೇ ತಾಗುವಂತೆ ಇಡಬೇಕು. 5×7 ಸೆಂಟಿಮೀಟರ್ ಸ್ಪಾಂಜು ಹಿಂಡಿದರೆ ಹನಿ ಬರಬೇಕು, ಇಟ್ಟಾಗ ಸುರಿಯಬಾರದು. ಒಣಗಿದರೆ ಚರ್ಮ ಸುಡುತ್ತದೆ. ಸುರಿದರೆ ಕರೆಂಟ್ ಅಳೆದ ಜಾಗ ಬಿಟ್ಟು ಹರಡುತ್ತದೆ. ಬೋರ್‌ವೆಲ್ ನೀರು ನಾನು ಮುಟ್ಟುವುದಿಲ್ಲ, ಮೆಡಿಕಲ್ ಶಾಪಿನ ನಾರ್ಮಲ್ ಸಲೈನೇ ಆಗಬೇಕು.

30 ಸೆಕೆಂಡಿನಲ್ಲಿ ನಿಧಾನಕ್ಕೆ 2 ಮಿಲಿಆಂಪಿಯರ್‌ಗೆ ಏರಿಸಿ 20 ನಿಮಿಷ. ಇಷ್ಟು ಕರೆಂಟ್ ನರಕೋಶಗಳನ್ನು ಬಡಿದೆಬ್ಬಿಸುವುದಿಲ್ಲ, ಸುಲಭವಾಗಿ ಸ್ಪಂದಿಸಲು ಅಣಿಗೊಳಿಸುತ್ತದೆ. ಹಾಗಾಗಿ ಆ ಹೊತ್ತಲ್ಲಿ ಸುಮ್ಮನೆ ಕೂರಿಸಬಾರದು. ಅಕ್ಕ ತಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ತಂದು ಸಾಲ, ಕಂತು, ಬಡ್ಡಿ ಕೂಡುತ್ತಾ ಕೂರುತ್ತಿದ್ದರು. ಆಮೇಲೆ ನಡಿಗೆಯ ವ್ಯಾಯಾಮ, ನಡುನಡುವೆ ವಿಶ್ರಾಂತಿ.

ಆ ವಾರವೇ ಫಿಟ್ಸ್ ಬರುವ ಒಬ್ಬ ಹುಡುಗನನ್ನು ಕರೆತಂದಿದ್ದರು. ನರಕೋಶಗಳನ್ನು ಹೀಗೆ ಅಣಿಗೊಳಿಸುವ ಚಿಕಿತ್ಸೆಯನ್ನು ಅವನಿಗೆ ಮಾಡಲಾರೆ ಎಂದು ತಜ್ಞರ ಹತ್ತಿರವೇ ವಾಪಸ್ ಕಳಿಸಿದೆ.

ಹತ್ತು ಸೆಷನ್ ಆದವು. ಸುಸ್ತು ಎಷ್ಟೆಂದು ಅಳೆಯುವ 9 ಪ್ರಶ್ನೆಗಳಿಗೆ ಅಕ್ಕ ಕೊಟ್ಟ ಅಂಕ ಇಳಿದಿತ್ತು. ಕರೆಂಟ್ ಕೊಟ್ಟಂತೆ ನಟಿಸಿ ಹುಸಿ ಚಿಕಿತ್ಸೆ ಮಾಡಿದ ರೋಗಿಗಳಲ್ಲೂ ಸುಸ್ತು ಕೊಂಚ ಇಳಿಯುವುದುಂಟು. ಬೆಳಗಿನ ತಂಪು, ವ್ಯಾಯಾಮಗಳ ಪಾಲೂ ಇದೆ. ಎಲ್ಲವನ್ನೂ ಮೆಷಿನ್ನಿನ ಲೆಕ್ಕಕ್ಕೆ ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ, ತಜ್ಞರಿಗೂ ಹಾಗೇ ಬರೆದೆ. ತಿಂಗಳು ಬಿಟ್ಟು ಫೋನ್ ಮಾಡಿದಾಗ ಅಕ್ಕ ಹೇಳಿದರು: "ಹಿಟ್ಟು ತಿರುವಿ ಇಳಿಸೋಗಂಟ ನಿಂತ್ಕೊಂತೀನಿ ಮೇಡಂ. ಮುದ್ದೆ ಕಟ್ಟಾಕೆ ಕೂತ್ಕೊಂತೀನಿ."