ಬಕೆಟ್ಟು, ಕಲ್ಲುಪ್ಪು, ಡಿಕಾಕ್ಷನ್: ಯಂತ್ರವಿಲ್ಲದೆ ಮನೆಯಲ್ಲಿ ಐಸ್‌ಕ್ರೀಮ್

ಮನೆಯ ಫ್ರೀಜರಿನಲ್ಲಿ ಇಟ್ಟು ಮಾಡಿದ ಐಸ್‌ಕ್ರೀಮ್ ಬಾಯಲ್ಲಿ ಕರಕರ ಎನ್ನುವುದಕ್ಕೆ ಸಾಮಾನ್ಯವಾಗಿ ಅಳತೆ ತಪ್ಪಿದ್ದು ಕಾರಣವಲ್ಲ, ಅದು ಗಟ್ಟಿಯಾಗಲು ಹಿಡಿದ ಹೊತ್ತು ಕಾರಣ. ಹಾಲಿನಲ್ಲಿರುವ ನೀರು ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಅದರ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ಬೇಗ ಹೆಪ್ಪುಗಟ್ಟುವಂತೆ ಮಾಡಿ, ಆ ಹೊತ್ತಿನಲ್ಲಿ ಕದಡುತ್ತಲೂ ಇದ್ದರೆ ಅವು ನಾಲಗೆಗೆ ತಿಳಿಯದಷ್ಟು ಸಣ್ಣದಾಗಿಯೇ ಉಳಿಯುತ್ತವೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಎರಡು ಸಲ ಕರೆಂಟು ಹೋಗಿ, ಮಕ್ಕಳು ಹತ್ತು ಸಲ ಬಾಗಿಲು ತೆರೆಯುವ ಫ್ರೀಜರಿಗೆ ಈ ಕೆಲಸವನ್ನು ಒಪ್ಪಿಸುವುದಕ್ಕಿಂತ, ಮಂಜುಗಡ್ಡೆ ಮತ್ತು ಉಪ್ಪಿನ ಹಳೆಯ ವಿಧಾನವನ್ನು ನಂಬುವುದು ಮೇಲು ಎಂಬುದು ನನ್ನ ಅನುಭವ.

ಮಂಜುಗಡ್ಡೆಗೆ ಉಪ್ಪು ಬೆರೆತಾಗ ಅದು ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತಲೇ ಹೋಗುತ್ತದೆ. ಕರಗಲು ಬೇಕಾದ ಶಾಖವನ್ನು ಅದು ಸುತ್ತಲಿನಿಂದ, ಎಂದರೆ ನಮ್ಮ ಹಾಲಿನ ಡಬ್ಬಿಯಿಂದ, ಎಳೆದುಕೊಳ್ಳುತ್ತದೆ. ಉಪ್ಪಿನ ಪ್ರಮಾಣ ಶೇಕಡಾ 23ರ ಆಸುಪಾಸಿನಲ್ಲಿದ್ದಾಗ ಈ ಮಿಶ್ರಣ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಮನೆಯ ಬಕೆಟ್ಟಿನಲ್ಲಿ ಅಷ್ಟು ತಣ್ಣಗಾಗದಿದ್ದರೂ ಕೆಲಸಕ್ಕೆ ಸಾಕಾಗುವಷ್ಟು ಆಗುತ್ತದೆ. ಮೂರು ಪಾಲು ಮಂಜುಗಡ್ಡೆಗೆ ಒಂದು ಪಾಲು ಕಲ್ಲುಪ್ಪು ಎಂಬ ಲೆಕ್ಕ ಹುಟ್ಟುವುದು ಇಲ್ಲಿಂದಲೇ.

ತಂಪು ಪದಾರ್ಥಗಳ ಚರಿತ್ರೆಯೆಂದರೆ ಬಹುಪಾಲು ತಂಪನ್ನು ಹೇಗೆ ಒದಗಿಸಿಕೊಂಡರು ಎಂಬುದರ ಚರಿತ್ರೆಯೇ. ಮಾರ್ಕೊ ಪೋಲೊ ಚೀನಾದಿಂದ ಐಸ್‌ಕ್ರೀಮ್ ತಂದನೆಂಬ ಕಥೆಗೆ ಆಧಾರವಿಲ್ಲ. ಅಕ್ಬರನ ಅರಮನೆಯಲ್ಲಿ ಪೆಟ್ಲುಪ್ಪನ್ನು, ಎಂದರೆ ಸಿಡಿಮದ್ದಿಗೆ ಬಳಸುವ ಉಪ್ಪನ್ನು, ನೀರಿನಲ್ಲಿ ಕರಗಿಸಿ, ಆ ನೀರಿನಲ್ಲಿ ಪಾತ್ರೆಯನ್ನು ಅಲುಗಾಡಿಸಿ ಕುಡಿಯುವ ನೀರನ್ನು ತಣ್ಣಗೆ ಮಾಡುತ್ತಿದ್ದರೆಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ, ಹಿಮಾಲಯದ ಕಡೆಯಿಂದ ಲಾಹೋರಿಗೆ ಹಿಮ ತರಿಸುತ್ತಿದ್ದುದನ್ನೂ ಅದೇ ಗ್ರಂಥ ಹೇಳುತ್ತದೆ. ದಕ್ಷಿಣದವರಿಗೆ ಹಿಮಾಲಯಕ್ಕಿಂತ ಅಮೆರಿಕವೇ ಹತ್ತಿರವಾಯಿತು ಎನ್ನಬೇಕು: ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ ಸುಮಾರು 180 ಟನ್ ಮಂಜುಗಡ್ಡೆಯಲ್ಲಿ 100 ಟನ್ನಿನಷ್ಟು ನಾಲ್ಕು ತಿಂಗಳ ಪಯಣದ ನಂತರವೂ ಉಳಿದಿತ್ತು, ಮತ್ತು 1842ರಲ್ಲಿ ಅವನು ಮದ್ರಾಸಿನ ಕಡಲ ದಂಡೆಯಲ್ಲಿ ಕಟ್ಟಿಸಿದ ಐಸ್ ಹೌಸ್ ಇಂದಿಗೂ ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. ಮರುವರ್ಷವೇ, 1843ರಲ್ಲಿ, ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದರು. ನಾವು ಈಗ ಮಾಡಹೊರಟಿರುವುದು ಹಿಡಿಕೆಯಿಲ್ಲದ ಅದೇ ಯಂತ್ರ.

ಮೊದಲು ಕಾಫಿ ಐಸ್‌ಕ್ರೀಮ್. ಶೇಕಡಾ 6ರಷ್ಟು ಕೊಬ್ಬಿರುವ ಒಂದು ಲೀಟರ್ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ, ತಳ ಹಿಡಿಯದಂತೆ ಕೈಯಾಡಿಸುತ್ತ, 650 ಮಿಲಿಲೀಟರಿಗೆ ಇಳಿಸಿಕೊಳ್ಳಬೇಕು. ಇನ್ನೂ ಬತ್ತಿಸಿದರೆ ಒಳ್ಳೆಯದಲ್ಲವೇ ಎಂದು ಅನ್ನಿಸಬಹುದು. ಆದರೆ ಅತಿಯಾಗಿ ಬತ್ತಿದ ಹಾಲಿನಲ್ಲಿರುವ ಹಾಲಿನ ಸಕ್ಕರೆಯೇ ಮುಂದೆ ಹರಳುಗಟ್ಟಿ ಮರಳಿನಂತಾಗುತ್ತದೆ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ ಸೇರಿಸಿ, ಎರಡು ನಿಮಿಷ ಕುದಿಸಿ, 120 ಗ್ರಾಂ ಸಕ್ಕರೆ ಮತ್ತು ಒಂದು ಚಿಟಿಕೆ ಉಪ್ಪು ಹಾಕಿ ಕರಗಿಸಬೇಕು. ಆರಿದ ಮೇಲೆ 100 ಮಿಲಿಲೀಟರ್ ಕ್ರೀಮ್ ಮತ್ತು 75 ಮಿಲಿಲೀಟರ್ ಡಿಕಾಕ್ಷನ್ ಬೆರೆಸಬೇಕು. ಡಿಕಾಕ್ಷನ್ ಫಿಲ್ಟರಿನ ಮೊದಲ ಇಳಿಕೆಯದ್ದೇ ಆಗಿರಬೇಕು, ಎರಡನೆಯ ಸಲ ನೀರು ಹೊಯ್ದದ್ದು ಬೇಡ. ಗಾಂಧಿ ಬಜಾರಿನಲ್ಲಿ ಪುಡಿ ಮಾಡಿಸುವವರು ಚಿಕೋರಿಯನ್ನು ಶೇಕಡಾ 20ಕ್ಕೆ ನಿಲ್ಲಿಸಲು ಹೇಳುವುದು ಒಳ್ಳೆಯದು, ಏಕೆಂದರೆ ಬಿಸಿ ಲೋಟದಲ್ಲಿ ಹಿತವೆನಿಸುವ ಚಿಕೋರಿ ತಣ್ಣಗಾದಾಗ ಕಾಫಿಯ ಪರಿಮಳವನ್ನು ನುಂಗಿಬಿಡುತ್ತದೆ. ಈ ಹಂತದಲ್ಲಿ ಮಿಶ್ರಣ ಕೊಂಚ ಹೆಚ್ಚೇ ಸಿಹಿ ಎನ್ನಿಸಬೇಕು. ತಂಪಿನಲ್ಲಿ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ನಂತರ ಅದನ್ನು ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಿ ಅಲ್ಲ, ರಾತ್ರಿಯಿಡೀ ಇಡಬೇಕು.

ಮರುದಿನ ಎರಡು ಲೀಟರಿನ, ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿಗೆ ಮಿಶ್ರಣವನ್ನು ಸುರಿದು, ಬಕೆಟ್ಟಿನ ನಡುವೆ ಇಟ್ಟು, ಸುತ್ತಲೂ ಕುಟ್ಟಿದ ಮಂಜುಗಡ್ಡೆ ಮತ್ತು ಕಲ್ಲುಪ್ಪನ್ನು ಪದರ ಪದರವಾಗಿ ತುಂಬಬೇಕು. ಮೂರು ಕಿಲೋ ಮಂಜುಗಡ್ಡೆಗೆ ಒಂದು ಕಿಲೋ ಉಪ್ಪು ಬೇಕಾಗುತ್ತದೆ. ಉಪ್ಪುನೀರು ಮುಚ್ಚಳದ ಅಂಚಿಗಿಂತ ಎರಡು ಬೆರಳು ಕೆಳಗೇ ಇರಬೇಕು; ನನ್ನ ಮೊದಲ ಡಬ್ಬಿಯೊಳಗೆ ಉಪ್ಪುನೀರು ನುಗ್ಗಿ, ಇಡೀ ಲೀಟರ್ ಹಾಲು ಮೋರಿಯ ಪಾಲಾಯಿತು. ಡಬ್ಬಿಯ ಕುತ್ತಿಗೆ ಹಿಡಿದು, ಮೊಸರು ಕಡೆಯುವಂತೆ ಅತ್ತ ಇತ್ತ ತಿರುಗಿಸುತ್ತಿರಬೇಕು. ಐದೈದು ನಿಮಿಷಕ್ಕೊಮ್ಮೆ ಅಂಚನ್ನು ಬಟ್ಟೆಯಿಂದ ಒರೆಸಿ, ಮುಚ್ಚಳ ತೆಗೆದು, ಒಳಗೋಡೆಗೆ ಹೆಪ್ಪುಗಟ್ಟಿದ ಪದರವನ್ನು ಮರದ ಸೌಟಿನಿಂದ ಕೆರೆದು ನಡುವಿಗೆ ಸೇರಿಸಿ ಚೆನ್ನಾಗಿ ಬಡಿಯಬೇಕು. ಅರ್ಧ ಗಂಟೆಯ ಸುಮಾರಿಗೆ ಅದು ಸೌಟಿನಿಂದ ಜಾರದಷ್ಟು ಗಟ್ಟಿಯಾಗುತ್ತದೆ. ಆಗ ಫ್ರೀಜರಿನಲ್ಲಿ ಮೂರು ನಾಲ್ಕು ಗಂಟೆ ಇಟ್ಟರೆ ಸಾಕು. ಹರಳುಗಳ ಗಾತ್ರ ಬಹುಮಟ್ಟಿಗೆ ನಿರ್ಧಾರವಾಗಿರುವುದರಿಂದ ಅಲ್ಲಿನ ಏರುಪೇರು ಅಷ್ಟಾಗಿ ಕೆಡಿಸುವುದಿಲ್ಲ.

ಕುಲ್ಫಿಗೆ ಈ ತಿರುಗಾಟವಿಲ್ಲ. ಅದರಲ್ಲಿ ಗಾಳಿ ಸೇರಿಸುವುದೂ ಇಲ್ಲ. ಹಾಲು ಗಟ್ಟಿಯಾಗಿರುವುದರಿಂದ ಕದಡದೆಯೇ ಒಪ್ಪವಾಗಿ ಕೂರುತ್ತದೆ, ಕರಗುವುದೂ ನಿಧಾನ.

ಎರಡನೆಯ ಪ್ರಯೋಗ ರಾಗಿ ಹುರಿಹಿಟ್ಟಿನದು, ನನಗೆ ಕಾಫಿಗಿಂತಲೂ ಪ್ರಿಯವಾದದ್ದು. ಹುರಿಹಿಟ್ಟು ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಬೇಯಿಸುವ ಅಗತ್ಯವಿಲ್ಲ, ನೀರನ್ನು ಹಿಡಿದಿಡುವುದರಿಂದ ಕಾರ್ನ್‌ಫ್ಲೋರೂ ಬೇಡ. ಅಷ್ಟೇ ಹಾಲಿಗೆ ನಾಲ್ಕು ದೊಡ್ಡ ಚಮಚ ಸಾಕು. ಸಕ್ಕರೆಯ ಬದಲು 150 ಗ್ರಾಂ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ, ಆರಿದ ಹಾಲಿಗೇ ಸೇರಿಸಬೇಕು. ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಂಭವ ಹೆಚ್ಚು. ಬೆಲ್ಲದ್ದು ಸಕ್ಕರೆಯದಕ್ಕಿಂತ ಮೆತ್ತಗೆ ಉಳಿಯುತ್ತದೆ, ಅದು ದೋಷವಲ್ಲ. ಬಡಿಸುವಾಗ ಮೇಲೆ ಒಂದು ಚಮಚ ತುಪ್ಪ ಮತ್ತು ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಇದ್ದರೆ ಸೊಗಸು.

ಹಾಲು ಬೇಡವೆನ್ನುವವರಿಗೆ ಬೆಂಗಳೂರು ನೀಲಿ ದ್ರಾಕ್ಷಿಯಿದೆ. ಒಂದು ಕಿಲೋ ಹಣ್ಣನ್ನು ಸ್ವಲ್ಪವೇ ನೀರಿನಲ್ಲಿ ಬೇಯಿಸಿ, ಬೀಜ ಒಡೆಯದಂತೆ ಹಿಸುಕಿ, ಸೋಸಿದ ರಸಕ್ಕೆ 125 ಗ್ರಾಂ ಸಕ್ಕರೆ ಮತ್ತು ಅರ್ಧ ನಿಂಬೆಹಣ್ಣಿನ ರಸ ಬೆರೆಸಿ, ಅದೇ ಡಬ್ಬಿಯಲ್ಲಿ ಅದೇ ರೀತಿ ತಿರುಗಿಸಬೇಕು. ಸಕ್ಕರೆ ಕಡಿಮೆ ಮಾಡಿದರೆ ಕಲ್ಲಿನಂತಾಗುತ್ತದೆ. ಮಂಗಳೂರು, ಉಡುಪಿ ಕಡೆಯ ಗಡ್‌ಬಡ್‌ನಂತೆ ಎತ್ತರದ ಗ್ಲಾಸಿನಲ್ಲಿ ಈ ಮೂರನ್ನೂ ಪದರವಾಗಿ ಹಾಕುವುದಾದರೆ, ನಡುವೆ ಜೆಲ್ಲಿಯ ಬದಲು ವಿ.ವಿ. ಪುರಂ ತಿಂಡಿ ಬೀದಿಯವರಂತೆ ಗುಲ್ಕಂದ್ ಇಡುವುದು ನನ್ನ ಆಯ್ಕೆ. ಆದರೆ ಕಾಫಿಯ ಪಕ್ಕದಲ್ಲಿ ಗುಲ್ಕಂದ್ ಬರಕೂಡದು.

ಬಕೆಟ್ಟಿನಲ್ಲಿ ಉಳಿದ ಉಪ್ಪುನೀರನ್ನು ಗಿಡಗಳ ಬುಡಕ್ಕೆ ಸುರಿಯಬಾರದು. ತಾರಸಿಯ ಮೇಲೆ ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಹರಡಿಟ್ಟರೆ ಏಪ್ರಿಲ್ ಬಿಸಿಲಿಗೆ ಕೆಲವೇ ದಿನಗಳಲ್ಲಿ ನೀರು ಆರಿ, ಮುಂದಿನ ಡಬ್ಬಿಗೆ ಬೇಕಾದ ಉಪ್ಪು ತಳದಲ್ಲಿ ಉಳಿದಿರುತ್ತದೆ.